ಕೆಗ್‌ನಿಂದ ಬಾಟಲಿಗೆ: ಮುರುಗಲು ಸೋಡಾ ನೊರೆಯಾಗದಂತೆ ತುಂಬುವ ಬಗೆ

(ತೀರ್ಥಹಳ್ಳಿಯಲ್ಲಿ, ಮನೆಮಟ್ಟದಲ್ಲಿ ಮುರುಗಲು (ಕೋಕಂ) ಮತ್ತು ಶುಂಠಿ ಪಾನೀಯ ಮಾಡುವವರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಕೆಗ್‌ನಲ್ಲಿ, ಅಂದರೆ ಪಾನೀಯವನ್ನು ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಒತ್ತಡದಲ್ಲಿ ಹಿಡಿದಿಡುವ ಸ್ಟೀಲ್ ಡಬ್ಬದಲ್ಲಿ, ಇರುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇರುತ್ತದೆ. ನಲ್ಲಿ ಒತ್ತಿ ಲೋಟಕ್ಕೆ ಬಿಟ್ಟರೆ ಮೂಗಿಗೆ ಚುರ್ ಎನ್ನುವಷ್ಟು ಗ್ಯಾಸು, ಒಳ್ಳೆಯ ಕೆಂಪು, ಹದವಾದ ಹುಳಿ. ಅದನ್ನೇ ಬಾಟಲಿಗೆ ತುಂಬಲು ಹೊರಟರೆ ಅರ್ಧ ಬಾಟಲಿ ನೊರೆ, ಕಾಲು ಬಾಟಲಿಯಷ್ಟು ನೆಲಕ್ಕೆ. ಉಳಿದದ್ದಕ್ಕೆ ಮುಚ್ಚಳ ಒತ್ತಿಟ್ಟು ಎರಡು ದಿನ ಬಿಟ್ಟು ತೆಗೆದರೆ ಸಪ್ಪೆ ಶರಬತ್ತು. ಈ ಊರಿನಲ್ಲಿ ಮುರುಗಲು ಸೋಡಾ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲೇ. ರುಚಿಯಲ್ಲಿ ಅಲ್ಲ, ತುಂಬುವುದರಲ್ಲಿ.

ಇದಕ್ಕೆ ಪರಿಹಾರ ಕಂಡುಕೊಂಡವರು ಬಿಯರ್ ಮಾಡುವವರು. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡಿ ಕೆಗ್‌ಗೆ ಹಾಕಿಕೊಳ್ಳುವವರು ಬಹಳ. ಗೆಳೆಯರಿಗೆ ಕೊಡಲು ನಾಲ್ಕು ಬಾಟಲಿ ಬೇಕೆಂದಾಗ ಕೆಗ್‌ನಿಂದ ಗ್ಯಾಸು ಕಳೆಯದೆ ತುಂಬುವ ಉಪಾಯಗಳನ್ನೆಲ್ಲ ಅವರು ಪಳಗಿಸಿದ್ದಾರೆ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ಮಾಡುವಂತಿಲ್ಲ. ಹಾಗಾಗಿ ಇವತ್ತು ಬಿಯರ್‌ನವರ ವಿದ್ಯೆ, ನಮ್ಮ ಪಾನೀಯ. ಇದೇನೂ ದೂರದ ನೆಂಟಸ್ತನವಲ್ಲ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಪಕ್ಕದ ಬಿಯರ್ ಕಾರ್ಖಾನೆಯ ಹುದುಗುವ ತೊಟ್ಟಿಯ ಮೇಲೆ ನೀರು ಹಿಡಿದು, ಅಲ್ಲಿಂದ ಏಳುವ ಗ್ಯಾಸನ್ನು ನೀರಿಗೆ ಸೇರಿಸಿದ. ಸೋಡಾ ಹುಟ್ಟಿದ್ದೇ ಬಿಯರ್ ತೊಟ್ಟಿಯ ಮೇಲೆ. ಇನ್ನು ಮನೆಯಲ್ಲಿ ಬಿಯರ್ ಮಾಡುವವರೆಲ್ಲ ಬಳಸುವ 19 ಲೀಟರಿನ ಕಾರ್ನಿ ಕೆಗ್ ಮೊದಲಿಗೆ ತಂಪುಪಾನೀಯ ಕಂಪನಿಗಳ ಸಿರಪ್ ಸಾಗಿಸಲು ಆದದ್ದು. ಕಂಪನಿಗಳು ಪ್ಲಾಸ್ಟಿಕ್ ಚೀಲಕ್ಕೆ ಬದಲಾದ ಮೇಲೆ ಬಿಯರ್‌ನವರು ಹಳೆಯದನ್ನು ಅಗ್ಗಕ್ಕೆ ಕೊಂಡರು. ನಾವು ಅದಕ್ಕೆ ಮುರುಗಲು ಹಾಕಿದರೆ ಕೆಗ್ ತವರಿಗೆ ಬಂದಂತೆ.

ಪಾತ್ರೆಯ ಪರಿಚಯ

ಕಾರ್ನಿ ಕೆಗ್ ಎಂದರೆ ಸುಮಾರು 63 ಸೆಂಟಿಮೀಟರ್ ಎತ್ತರದ, ತೆಳ್ಳಗಿನ ಸ್ಟೀಲ್ ಡಬ್ಬ. ಮೇಲೆ ಅಂಡಾಕಾರದ ಮುಚ್ಚಳ, ಅದರಲ್ಲಿ ಒತ್ತಡ ಬಿಡುವ ಸಣ್ಣ ವಾಲ್ವ್. ಎರಡು ಮೂತಿಗಳಿವೆ. ಒಂದು ಗ್ಯಾಸು ಒಳಹೋಗಲು. ಅದರ ಕೆಳಗಿನ ಕೊಳವೆ ಗಿಡ್ಡ. ಇನ್ನೊಂದು ಪಾನೀಯ ಹೊರಬರಲು. ಅದರ ಕೊಳವೆ ತಳದವರೆಗೂ ಇಳಿದಿರುತ್ತದೆ. ಐದು ರಬ್ಬರ್ ಓ-ರಿಂಗ್‌ಗಳು: ಮುಚ್ಚಳಕ್ಕೊಂದು, ಎರಡು ಮೂತಿಗೆ ಎರಡು, ಎರಡು ಕೊಳವೆಯ ಕತ್ತಿಗೆ ಎರಡು. ಈ ಐದರಲ್ಲಿ ಜನ ಮರೆಯುವುದು ಪಾನೀಯದ ಕೊಳವೆಯ ಕತ್ತಿನ ರಿಂಗನ್ನು. ಅದು ಸವೆದಿದ್ದರೆ ಹೊರಗೆ ಸೋರುವುದಿಲ್ಲ, ಸೋಪಿನ ನೀರು ಹಚ್ಚಿದರೂ ಗುಳ್ಳೆ ಕಾಣುವುದಿಲ್ಲ. ಒಳಗೇ ಮೇಲ್ಭಾಗದ ಗ್ಯಾಸು ಸಂದಿಯಿಂದ ನುಗ್ಗಿ ಪಾನೀಯದ ಜೊತೆ ಪೈಪಿಗೆ ಬರುತ್ತದೆ. ಪಾರದರ್ಶಕ ಪೈಪಿನಲ್ಲಿ, ಕೆಗ್‌ನ ಮೂತಿಯ ಹತ್ತಿರದಿಂದಲೇ ಒಂದೇ ಸಮನೆ ಗುಳ್ಳೆ ಹರಿದು ಬರುತ್ತಿದ್ದರೆ ತಪ್ಪು ಬಾಟಲಿಯದ್ದಲ್ಲ, ಈ ರಿಂಗಿನದ್ದು. ಬೇರೆ ಏನು ಸರಿಮಾಡಿದರೂ ನೊರೆ ನಿಲ್ಲದೆ ತಲೆ ಕೆಡಿಸಿಕೊಂಡವರು ಮೊದಲು ನೋಡಬೇಕಾದ ಜಾಗ ಇದು.

ಶುಂಠಿ ಹಾಕಿದ ಕೆಗ್‌ಗೆ ಮುಂದೆ ಮುರುಗಲು ಹಾಕುವುದಿದ್ದರೆ ಐದೂ ರಿಂಗ್ ಬದಲಿಸಿ. ಸ್ಟೀಲ್ ವಾಸನೆ ಹಿಡಿಯುವುದಿಲ್ಲ, ರಬ್ಬರ್ ಹಿಡಿಯುತ್ತದೆ, ತೊಳೆದರೆ ಹೋಗುವುದಿಲ್ಲ.

ಗ್ಯಾಸ್ ಸಿಲಿಂಡರು ಆಹಾರಕ್ಕೆ ಬಳಸುವ ದರ್ಜೆಯದ್ದೇ ಆಗಬೇಕು. ಬೆಂಕಿ ಆರಿಸುವ ಸಿಲಿಂಡರಿನಲ್ಲೂ ಇದೇ ಗ್ಯಾಸ್ ತಾನೇ ಎಂದು ಕೇಳುವವರಿದ್ದಾರೆ. ಅದರೊಳಗೆ ತಳದವರೆಗೆ ಕೊಳವೆ ಇರುತ್ತದೆ, ಹಾಗಾಗಿ ರೆಗ್ಯುಲೇಟರಿಗೆ ಗ್ಯಾಸಿನ ಬದಲು ದ್ರವ ನುಗ್ಗುತ್ತದೆ. ಗ್ಯಾಸಿನ ಶುದ್ಧತೆಗೂ ಖಾತರಿ ಇಲ್ಲ. ಬೇಡ. ಸಿಲಿಂಡರಿನ ಕಡೆಯ ಗೇಜ್ ನೋಡಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಲು ಹೋಗಬೇಡಿ. ಒಳಗೆ ದ್ರವ ಇರುವ ತನಕ 20 ಡಿಗ್ರಿಯಲ್ಲಿ ಅದು ಸುಮಾರು 57 ಬಾರ್ ಒತ್ತಡ ತೋರಿಸುತ್ತಲೇ ಇರುತ್ತದೆ, ಮುಗಿಯುವ ಹೊತ್ತಿಗೆ ದಿಢೀರನೆ ಬೀಳುತ್ತದೆ. ತಕ್ಕಡಿಯಲ್ಲಿ ತೂಗಿ. ಒಂದು ಕೆಗ್ ಪಾನೀಯದೊಳಗೆ ಕರಗುವುದು ಸುಮಾರು 100 ಗ್ರಾಂ. ಕೆಗ್‌ನ, ಬಾಟಲಿಗಳ ಗಾಳಿ ಓಡಿಸಲು ಹೋಗುವುದು ಸೇರಿ 200ರಿಂದ 250 ಗ್ರಾಂ ಹಿಡಿಯಿರಿ. 5 ಕಿಲೋ ಸಿಲಿಂಡರಿಗೆ ಸುಮಾರು ಇಪ್ಪತ್ತು ಕೆಗ್. ಕಿಟಕಿ ಮುಚ್ಚಿದ ಸಣ್ಣ ಉಗ್ರಾಣದಲ್ಲಿ ಸಿಲಿಂಡರ್ ಇಡಬಾರದು. ಈ ಗ್ಯಾಸು ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ನಿಲ್ಲುತ್ತದೆ, ಸೋರಿದ್ದು ವಾಸನೆಯಿಂದ ಗೊತ್ತಾಗುವುದಿಲ್ಲ.

ಗ್ಯಾಸು, ಚಳಿ, ಒತ್ತಡ

ಪಾನೀಯದಲ್ಲಿ ಎಷ್ಟು ಗ್ಯಾಸು ಕರಗಿದೆ ಎಂಬುದನ್ನು ವಾಲ್ಯೂಮ್ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ವಾಲ್ಯೂಮ್ ಎಂದರೆ ಒಂದು ಲೀಟರ್ ಪಾನೀಯದಲ್ಲಿ ಒಂದು ಲೀಟರ್ ಗ್ಯಾಸು, ತೂಕದಲ್ಲಿ ಸುಮಾರು 2 ಗ್ರಾಂ. ಬಿಯರ್‌ಗೆ ಸಾಮಾನ್ಯವಾಗಿ 2.4ರಿಂದ 2.6. ಕೋಲಾದಂಥ ತಂಪುಪಾನೀಯಕ್ಕೆ ಮೂರೂವರೆ ದಾಟುತ್ತದೆ. ಮುರುಗಲಿಗೆ 3 ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಅದರ ಹುಳಿಯೇ ನಾಲಗೆಯನ್ನು ಎಬ್ಬಿಸುತ್ತದೆ, ಗ್ಯಾಸು ಅದಕ್ಕಿಂತ ಜಾಸ್ತಿಯಾದರೆ ಹಣ್ಣಿನ ರುಚಿ ಹಿಂದೆ ಸರಿಯುತ್ತದೆ. ಅದಲ್ಲದೆ ಬಿಯರ್ ಬಾಟಲಿಯಂಥ ಗಾಜಿಗೆ 3ರ ಮೇಲೆ ತುಂಬಲೂಬಾರದು.

ಈ 3 ವಾಲ್ಯೂಮ್ ಹಿಡಿದಿಡಲು ಬೇಕಾದ ಒತ್ತಡ ಉಷ್ಣತೆಯ ಮೇಲೆ ನಿಂತಿದೆ. 1 ಡಿಗ್ರಿಯಲ್ಲಿ 14 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ). 4 ಡಿಗ್ರಿಯಲ್ಲಿ 17. ತೀರ್ಥಹಳ್ಳಿಯ ಒಂದು ಸಾಮಾನ್ಯ ಮಧ್ಯಾಹ್ನದ 24 ಡಿಗ್ರಿಯಲ್ಲಿ 40. ಬೇಸಿಗೆಯ 30ರಲ್ಲಿ 48. ತುಂಬುವಾಗಿನ ಕಷ್ಟವೆಲ್ಲ ಈ ನಾಲ್ಕು ಅಂಕಿಯೊಳಗೇ ಇದೆ. ಬಾಟಲಿಯ ಬಾಯಿ ತೆರೆದಿದ್ದರೆ ಅಲ್ಲಿನ ಒತ್ತಡ ಸೊನ್ನೆ. 14ರಿಂದ ಸೊನ್ನೆಗೆ ಇಳಿಯುವುದೆಂದರೆ ಮೆಟ್ಟಿಲಿನಿಂದ ಹಾರಿದಂತೆ, 40ರಿಂದ ಸೊನ್ನೆಗೆ ಇಳಿಯುವುದೆಂದರೆ ಅಡಿಕೆ ಮರದಿಂದ ಬಿದ್ದಂತೆ. ಆದ್ದರಿಂದ ಎಷ್ಟು ತಣ್ಣಗೆ ಸಾಧ್ಯವೋ ಅಷ್ಟು ತಣ್ಣಗೆ ತುಂಬಬೇಕು, ಬಾಟಲಿಯೊಳಗೂ ಮೊದಲೇ ಒತ್ತಡ ಕೂರಿಸಬೇಕು. ಎರಡೇ ಉಪಾಯ, ಎರಡೂ ಒಟ್ಟಿಗೆ ಬೇಕು.

ಈ ಅಂಕಿಗಳು ಸಮುದ್ರಮಟ್ಟದವು. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ತೀರ್ಥಹಳ್ಳಿ, ಆಗುಂಬೆಯ ಎತ್ತರಕ್ಕೆ, ಅಂದರೆ 600ರಿಂದ 650 ಮೀಟರಿಗೆ, ಗೇಜಿನಲ್ಲಿ 1 ಪಿಎಸ್‌ಐ ಹೆಚ್ಚು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಸಕ್ಕರೆ ನೀರಿನಲ್ಲಿ ಗ್ಯಾಸು ಬರಿ ನೀರಿಗಿಂತ ಸ್ವಲ್ಪ ಕಡಿಮೆ ಕರಗುತ್ತದೆ, ಬಾಟಲಿ ತುಂಬುವಾಗ 0.2–0.3 ವಾಲ್ಯೂಮ್ ಹೇಗೂ ಕಳೆಯುತ್ತದೆ. ಇದನ್ನೆಲ್ಲ ಸೇರಿಸಿ 4 ಡಿಗ್ರಿಯ ಫ್ರಿಜ್ಜಿನಲ್ಲಿ 20 ಪಿಎಸ್‌ಐ ಕೊಟ್ಟು ಒಂದು ವಾರ ಬಿಡಿ. 30 ಪಿಎಸ್‌ಐ ಕೊಟ್ಟು ಕೆಗ್ ಮಲಗಿಸಿ ಉರುಳಾಡಿಸಿದರೆ ಒಂದೇ ದಿನದಲ್ಲಿ ಆಗುತ್ತದೆ ನಿಜ. ಆದರೆ ಹಾಗೆ ಮಾಡಿದ ಪಾನೀಯ ನೊರೆಗೆ ತುದಿಗಾಲಲ್ಲಿ ನಿಂತಿರುತ್ತದೆ, ತಳದ ಗಸಿಯೂ ಎದ್ದಿರುತ್ತದೆ. ಬಾಟಲಿಗೆ ತುಂಬುವುದಿದ್ದರೆ ವಾರದ ದಾರಿಯೇ ಮೇಲು.

ಕೆಗ್‌ಗೆ ಹಾಕುವ ಮೊದಲು

ಬಿಯರ್ ತಿಳಿಯಾಗಿ ಬರುತ್ತದೆ. ಮುರುಗಲು ಹಾಗಲ್ಲ. ಸಿಪ್ಪೆಯ ನಾರು, ತಿರುಳಿನ ಕಣ, ಎಲ್ಲ ತೇಲುತ್ತಿರುತ್ತದೆ. ಪ್ರತಿ ಕಣವೂ ಒಂದು ಗುಳ್ಳೆ ಹುಟ್ಟುವ ಜಾಗ. ಸಾಲದ್ದಕ್ಕೆ ಕೆಗ್‌ನ ಮೂತಿಯ ಸ್ಪ್ರಿಂಗ್ ವಾಲ್ವಿಗೆ ಒಂದು ನಾರು ಸಿಕ್ಕಿದರೂ ಹರಿವು ಕಟ್ಟುತ್ತದೆ, ಕಟ್ಟಿದ ಕಡೆ ಪಾನೀಯ ಚಿಮ್ಮಿ ನೊರೆಯಾಗುತ್ತದೆ. ಮೊದಲು ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿ ಕದಡದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ 5 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ. ಶುಂಠಿಯದ್ದಾದರೆ ರಸದ ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಅದು ಬಿಸಿಯಾದರೆ ಗಂಜಿಯಾಗುತ್ತದೆ, ಆಮೇಲೆ ಯಾವ ಫಿಲ್ಟರಿನಲ್ಲೂ ಹೋಗುವುದಿಲ್ಲ. ಕಾಯಿಸುವ ಮೊದಲೇ ಹಿಟ್ಟು ಕೂರಿಸಿ ತಿಳಿ ಬಸಿಯಬೇಕು.

ನೀರಿನ ಮಾತು. ಬಾವಿಯ ನೀರಿನಲ್ಲಿ, ನಲ್ಲಿಯ ನೀರಿನಲ್ಲಿ ಗಾಳಿ ಕರಗಿರುತ್ತದೆ. ಗಾಳಿ ನೀರಿನಲ್ಲಿ ಬಹಳ ಕಡಿಮೆ ಕರಗುವಂಥದ್ದು. ಒತ್ತಡ ತೆಗೆದ ತಕ್ಷಣ ಅದೇ ಮೊದಲು ಗುಳ್ಳೆಯಾಗಿ ಏಳುತ್ತದೆ, ಏಳುವಾಗ ಕಾರ್ಬನ್ ಡೈಆಕ್ಸೈಡನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ದೊಡ್ಡ ಕಾರ್ಖಾನೆಗಳು ನೀರಿನ ಗಾಳಿ ತೆಗೆದೇ ಗ್ಯಾಸು ಸೇರಿಸುವುದು. ನಾವು ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿದರೆ ಅದೇ ಕೆಲಸ ಆಗುತ್ತದೆ. ಎತ್ತರದಿಂದ ಹಂಡೆಯಿಂದ ಹಂಡೆಗೆ ಸುರಿದು ಆರಿಸಬೇಡಿ. ಟೀ ಆರಿಸಿದ ಹಾಗೆ ಎತ್ತಿ ಹುಯ್ದರೆ ತೆಗೆದ ಗಾಳಿಯನ್ನೆಲ್ಲ ವಾಪಸ್ ಸೇರಿಸಿದಂತೆ.

ಕೆಗ್‌ಗೆ 17 ಲೀಟರ್ ಮಾತ್ರ ಹಾಕಿ, ಮೇಲೆ ಜಾಗ ಬಿಡಿ. ಮುಚ್ಚಿ 30 ಪಿಎಸ್‌ಐ ಗ್ಯಾಸು ಕೊಟ್ಟು ವಾಲ್ವ್ ಎಳೆದು ಪೂರ್ತಿ ಬಿಡಿ. ಒಂದು ಸಲ ಹೀಗೆ ಮಾಡಿದರೆ ಒಳಗಿನ ಆಮ್ಲಜನಕ ಮೂರನೇ ಒಂದಕ್ಕೆ ಇಳಿಯುತ್ತದೆ. ಐದು ಸಲ ಮಾಡಿದರೆ 243ರಲ್ಲಿ ಒಂದು ಪಾಲು, ಅಂದರೆ ಶೇಕಡಾ 21 ಇದ್ದದ್ದು 0.1ಕ್ಕಿಂತ ಕೆಳಗೆ. ಬಿಯರ್‌ನವರು ಆಮ್ಲಜನಕಕ್ಕೆ ಹೆದರುವುದು ರುಚಿ ಒದ್ದೆ ರಟ್ಟಿನಂತಾಗುತ್ತದೆ ಎಂದು. ಮುರುಗಲಿನಲ್ಲಿ ಹೋಗುವುದು ಬಣ್ಣ. ಆ ಕೆಂಪು ಗಾಳಿ, ಬೆಳಕು, ಶಾಖ ಮೂರಕ್ಕೂ ಸೋಲುತ್ತದೆ, ಕೊನೆಗೆ ಕಾಚಿನ ಕಂದು ಉಳಿಯುತ್ತದೆ.

ತುಂಬುವುದು

ಬಾಟಲಿ ತುಂಬುವ ಹಿಂದಿನ ರಾತ್ರಿಯೇ ಕೆಗ್ ತಣ್ಣಗಿರಬೇಕು. ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಫ್ರಿಜ್ಜು ಕೈಕೊಟ್ಟರೆ ಕೆಗ್ ಅನ್ನು ಮಂಜಿನ ಟಬ್ಬಿನಲ್ಲಿ ಕೂರಿಸಿ. 17 ಲೀಟರನ್ನು 25 ಡಿಗ್ರಿಯಿಂದ 4ಕ್ಕೆ ಇಳಿಸಲು ಲೆಕ್ಕಕ್ಕೆ ನಾಲ್ಕೂವರೆ ಕಿಲೋ ಮಂಜುಗಡ್ಡೆ ಬೇಕು. ಟಬ್ಬು ಬಿಸಿಯಾಗುವುದು, ಸುತ್ತಲಿನ ಸೆಕೆ ಎಲ್ಲ ಸೇರಿ ಹತ್ತು ಕಿಲೋ ತರಿಸಿಡಿ. ಕೆಗ್‌ನ ಕುತ್ತಿಗೆಯವರೆಗೆ ಮಂಜು ಮತ್ತು ನೀರು ಎರಡೂ ಇರಲಿ. ಬರಿ ಮಂಜಿನ ಚೂರು ಸುರಿದರೆ ನಡುವೆ ಗಾಳಿ ನಿಂತು ತಂಪು ತಾಗುವುದು ನಿಧಾನ.

ಬಾಟಲಿಯೂ ತಣ್ಣಗಿರಬೇಕು, ಒದ್ದೆಯಾಗಿರಬೇಕು. 650 ಮಿಲಿ ಗಾಜಿನ ಬಾಟಲಿ ಕೋಣೆಯ ಬಿಸಿಯಲ್ಲಿದ್ದರೆ ತುಂಬಿದ ಪಾನೀಯವನ್ನು ಎರಡು-ಮೂರು ಡಿಗ್ರಿ ಏರಿಸುತ್ತದೆ. ಅದು ದೊಡ್ಡದಲ್ಲ ಎನ್ನಿಸಬಹುದು. ಆದರೆ ಮೊದಲು ಬಿದ್ದ ನಾಲ್ಕು ಚಮಚ ಬಿಸಿ ಗಾಜಿಗೆ ತಾಗಿ ಆ ಕ್ಷಣವೇ ನೊರೆಯಾಗುತ್ತದೆ, ಆ ನೊರೆಯ ಮೇಲೆ ಬಿದ್ದದ್ದೆಲ್ಲ ನೊರೆ. ಒಣಗಾಜಿನ ಸಣ್ಣ ಗೀರುಗಳಲ್ಲಿ ಗಾಳಿ ಅಂಟಿಕೊಂಡಿರುತ್ತದೆ. ಒದ್ದೆ ಮಾಡಿದರೆ ಅದು ಬಿಡುತ್ತದೆ. ಫಾಸ್ಫಾರಿಕ್ ಆಮ್ಲದ ತೊಳೆಯದೆ ಬಿಡಬಹುದಾದ ಸೋಂಕುನಾಶಕವನ್ನು ಲೀಟರಿಗೆ ಒಂದೂವರೆ ಮಿಲಿ ಹಾಕಿ, ತಣ್ಣೀರಿನಲ್ಲಿ ಕಲಸಿ, ಬಾಟಲಿಗಳನ್ನು ಎರಡು ನಿಮಿಷ ಮುಳುಗಿಸಿ ಬೋರಲು ಹಾಕಿ. ಅದರ ನೊರೆ ಒಳಗುಳಿದರೆ ಚಿಂತೆಯಿಲ್ಲ. ಬ್ಲೀಚಿಂಗ್ ದ್ರಾವಣ ಬೇಡ. ಸ್ಟೀಲನ್ನು ತಿನ್ನುತ್ತದೆ, ವಾಸನೆ ಬಿಡುತ್ತದೆ.

ಈಗ ಎರಡು ದಾರಿ. ಮೊದಲನೆಯದು ಅಗ್ಗದ್ದು: ನಲ್ಲಿಯ ಮೂತಿಗೆ ಬಾಟಲಿಯ ತಳ ಮುಟ್ಟುವ ಗಟ್ಟಿ ಪ್ಲಾಸ್ಟಿಕ್ ನಳಿಕೆ, ಆ ನಳಿಕೆಗೆ ತೂತು ಕೊರೆದ ರಬ್ಬರ್ ಬಿರಡೆ ಪೋಣಿಸಿದ್ದು. ಸಿಲಿಂಡರ್ ಮುಚ್ಚಿ, ಕೆಗ್‌ನ ವಾಲ್ವ್ ಎಳೆದು ಒತ್ತಡ ಇಳಿಸಿ, ರೆಗ್ಯುಲೇಟರನ್ನು 5 ಪಿಎಸ್‌ಐಗೆ ಇಟ್ಟು ಮತ್ತೆ ತೆರೆಯಿರಿ. ನಳಿಕೆ ಬಾಟಲಿಗಿಳಿಸಿ ಬಿರಡೆಯನ್ನು ಬಾಯಿಗೆ ಬಿಗಿಯಾಗಿ ಒತ್ತಿ ನಲ್ಲಿ ಬಿಡಿ. ಒಂದೆರಡು ಸೆಕೆಂಡು ಹರಿದು ನಿಲ್ಲುತ್ತದೆ, ಏಕೆಂದರೆ ಬಾಟಲಿಯಲ್ಲಿ ಸಿಕ್ಕಿಬಿದ್ದ ಗಾಳಿಯೂ 5 ಪಿಎಸ್‌ಐಗೆ ಏರಿರುತ್ತದೆ. ಬಿರಡೆಯ ಒಂದು ಅಂಚನ್ನು ಹೆಬ್ಬೆರಳಿನಿಂದ ಚೂರೇ ಎತ್ತಿ ಸಣ್ಣಗೆ ಸೀಟಿ ಹೊಡೆಯುವಷ್ಟು ಗಾಳಿ ಬಿಡಿ. ಪಾನೀಯ ಮತ್ತೆ ಏರುತ್ತದೆ. ಹೀಗೆ ಹೆಬ್ಬೆರಳಿನಿಂದಲೇ ಹರಿವಿನ ಅಳತೆ. ಹತ್ತು-ಹನ್ನೆರಡು ಬಾಟಲಿಗೆ, ಅಂದೇ ಕುಡಿಯುವುದಕ್ಕೆ, ಸಮಾರಂಭಕ್ಕೆ ಒಯ್ಯುವುದಕ್ಕೆ ಇದು ಸಾಕು. ಒತ್ತಡ ಇಳಿಸಿದ ಕೆಗ್‌ನಿಂದ ಗ್ಯಾಸು ನಿಧಾನಕ್ಕೆ ಹೊರಬರುತ್ತಿರುತ್ತದೆ, ಹಾಗಾಗಿ ಒಂದು ಗಂಟೆಯೊಳಗೆ ಮುಗಿಸಿ ಮತ್ತೆ 20ಕ್ಕೆ ಏರಿಸಿ.

ಎರಡನೆಯದು ಪ್ರತಿ-ಒತ್ತಡದ ತುಂಬುಗ. ನಮ್ಮ ಗೋಲಿ ಸೋಡಾ ಯಂತ್ರ ನೋಡಿದವರಿಗೆ ಇದರ ಮರ್ಮ ಹೊಸದಲ್ಲ. ಹಿರಾಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ಆ ಬಾಟಲಿಯನ್ನು ಒತ್ತಡದಲ್ಲೇ ತುಂಬಿ, ತಲೆಕೆಳಗಾಗಿರುವಾಗಲೇ ಗೋಲಿ ಬಂದು ರಬ್ಬರ್ ಉಂಗುರಕ್ಕೆ ಕೂರುತ್ತದೆ. ಒತ್ತಡ ಒಮ್ಮೆಯೂ ಸೊನ್ನೆಗೆ ಇಳಿಯುವುದೇ ಇಲ್ಲ. ಕ್ರೌನ್ ಮುಚ್ಚಳದ, ಅಂದರೆ ಅಂಚು ಒತ್ತಿ ಕೂರಿಸುವ ತಗಡಿನ ಮುಚ್ಚಳದ, ಬಾಟಲಿಗೆ ಆ ಭಾಗ್ಯವಿಲ್ಲ. ತುಂಬಿ, ಬಿಟ್ಟು, ಮುಚ್ಚಬೇಕು. ಆ ಬಿಡುವ ಕ್ಷಣವನ್ನು ಸಾಧ್ಯವಾದಷ್ಟು ಮೆತ್ತಗೆ ಮಾಡುವುದೇ ಈ ಸಾಧನ.

ಅದರಲ್ಲಿ ಮೂರು ವಾಲ್ವ್: ಗ್ಯಾಸಿನದ್ದು, ಪಾನೀಯದ್ದು, ಗಾಳಿ ಬಿಡುವುದು. ಸಿಲಿಂಡರಿನಿಂದ ಬರುವ ಪೈಪಿಗೆ ಟಿ ಹಾಕಿ ಒಂದು ಕವಲು ಕೆಗ್‌ಗೆ, ಒಂದು ತುಂಬುಗಕ್ಕೆ ಕೊಡಬೇಕು. ಆಗ ಕೆಗ್‌ನಲ್ಲೂ ಬಾಟಲಿಯಲ್ಲೂ ಒತ್ತಡ ಒಂದೇ. ಬಿರಡೆ ಬಿಗಿಯಾಗಿ ಕೂರಿಸಿ, ಗಾಳಿಯ ವಾಲ್ವ್ ತೆರೆದಿಟ್ಟು ಗ್ಯಾಸಿನ ವಾಲ್ವ್ ತೆರೆದು ಐದಾರು ಸೆಕೆಂಡು ಬಾಟಲಿಯ ಗಾಳಿ ಓಡಿಸಿ. ಗಾಳಿಯ ವಾಲ್ವ್ ಮುಚ್ಚಿ. ಬಾಟಲಿ ಒತ್ತಡಕ್ಕೇರಿ ಸದ್ದು ನಿಲ್ಲುತ್ತದೆ. ಗ್ಯಾಸು ಮುಚ್ಚಿ, ಪಾನೀಯ ತೆರೆಯಿರಿ. ಏನೂ ಆಗಬಾರದು. ಎರಡೂ ಕಡೆ ಒತ್ತಡ ಸಮ ಇದ್ದರೆ ಹನಿಯೂ ಹರಿಯುವುದಿಲ್ಲ. ಹರಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಅಲ್ಲೇ ನಿಲ್ಲಿಸಿ ಬಿರಡೆ ನೋಡಿ. ಆಮೇಲೆ ಗಾಳಿಯ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ. ಪಾನೀಯ ತಳದಿಂದ ಸದ್ದಿಲ್ಲದೆ ಏರಬೇಕು. 650 ಮಿಲಿ ತುಂಬಲು ಮುಕ್ಕಾಲು ನಿಮಿಷ ಬಂದರೆ ಕೈ ಹದದಲ್ಲಿದೆ. ಹದಿನೈದು ಸೆಕೆಂಡಿಗೆ ತುಂಬಿತೆಂದರೆ ಅವಸರವಾಯಿತು, ಬಿಚ್ಚಿದಾಗ ಉಕ್ಕುತ್ತದೆ.

ತುಂಬಿದ ಮೇಲೆ ಪಾನೀಯದ ವಾಲ್ವ್ ಮುಚ್ಚಿ, ಹಾಗೇ ಹತ್ತು ಸೆಕೆಂಡು ಬಿಡಿ. ಹೆಚ್ಚಿನವರು ಈ ಹತ್ತು ಸೆಕೆಂಡನ್ನು ಉಳಿಸಲು ಹೋಗಿ ಅರ್ಧ ಬಾಟಲಿ ಕಳೆದುಕೊಳ್ಳುತ್ತಾರೆ. ಪಾನೀಯ ಶಾಂತವಾದ ಮೇಲೆ ಮೇಲಿನ ಒತ್ತಡವನ್ನು ನಿಧಾನವಾಗಿ, ನಾಲ್ಕೈದು ಸೆಕೆಂಡು ತೆಗೆದುಕೊಂಡು ಬಿಡಿ. ನಳಿಕೆಯನ್ನು ಅಲುಗಾಡಿಸದೆ ನೇರ ಮೇಲೆತ್ತಿ. ನಳಿಕೆ ಹೊರಬಂದಾಗ ಮೇಲಿಂದ ಒಂದಂಗುಲ ಖಾಲಿ ಉಳಿಯುವಂತೆ ಅಳತೆ ಮೊದಲೇ ಗುರುತು ಮಾಡಿಕೊಳ್ಳಿ.

ಮುಚ್ಚುವುದು ನೊರೆಯ ಮೇಲೆ. ಇಷ್ಟು ಹೊತ್ತು ನೊರೆ ಬೇಡ ಎಂದು ಈಗ ಬೇಕು ಎನ್ನುವುದೇಕೆಂದರೆ, ಕತ್ತಿನಲ್ಲಿ ಏರಿದ ನೊರೆ ಅಲ್ಲಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಬಿಯರ್‌ನ ನೊರೆಯಲ್ಲಿ ಪ್ರೋಟೀನು ಇರುವುದರಿಂದ ಅದು ನಿಂತು ಕಾಯುತ್ತದೆ. ಮುರುಗಲಿನ ನೊರೆ ಕಣ್ಣುಮುಚ್ಚಿ ಬಿಡುವುದರೊಳಗೆ ಇಳಿದುಹೋಗುತ್ತದೆ. ಅದಕ್ಕೆ ಚಮಚದ ಹಿಡಿಯಿಂದ ಬಾಟಲಿಯ ಭುಜಕ್ಕೆ ಒಮ್ಮೆ ತಟ್ಟಿ, ನೊರೆ ಬಾಯಿಗೆ ಬಂದ ಕೂಡಲೇ ಮುಚ್ಚಳ ಇಟ್ಟು ಒತ್ತಿ. ತುಂಬುವವರು ಒಬ್ಬರು, ಮುಚ್ಚುವವರು ಒಬ್ಬರು ಇದ್ದರೆ ಒಳ್ಳೆಯದು. ಒಬ್ಬರೇ ಆದರೆ ಮುಚ್ಚಳ ಬಾಯಲ್ಲಿ ಕಚ್ಚಿಕೊಳ್ಳುವ ಚಾಳಿ ಬೇಡ, ಸೋಂಕುನಾಶಕದ ಬಟ್ಟಲಲ್ಲೇ ಇರಲಿ.

ಮುಚ್ಚಳ 26 ಮಿಲಿಮೀಟರಿನದ್ದು. ಒತ್ತಿದ ಮೇಲೆ ಅದರ ಅಂಚಿನ ಹೊರ ಅಳತೆ 28.6ರಿಂದ 28.8 ಮಿಲಿಮೀಟರ್ ಇರಬೇಕು. ವರ್ನಿಯರ್‌ನಲ್ಲಿ ಹಿಡಿದು ನೋಡಿ. 29 ದಾಟಿದರೆ ಗ್ಯಾಸು ಸೋರುತ್ತದೆ, ಕ್ಯಾಪರಿನ, ಅಂದರೆ ಮುಚ್ಚಳ ಒತ್ತುವ ಸಾಧನದ, ಗಂಟೆಯಾಕಾರದ ಬಾಯಿ ಸವೆದಿದೆ ಎಂದರ್ಥ. ಎರಡು ಹಿಡಿಯ ಕ್ಯಾಪರ್ ಬಾಟಲಿಯ ಕತ್ತನ್ನು ಕಚ್ಚಿ ಹಿಡಿಯುತ್ತದೆ, ಕತ್ತಿನ ಆಕಾರ ಹೊಂದದಿದ್ದರೆ ಬಾಯಿ ಒಡೆಯುತ್ತದೆ. ನೂರು ಬಾಟಲಿಯ ಕೆಲಸವಿದ್ದರೆ ಮೇಜಿಗೆ ಕೂರಿಸುವ ಕ್ಯಾಪರನ್ನೇ ಕೊಳ್ಳಿ. ಇನ್ನೊಂದು, ಆಗುಂಬೆ ಕಡೆಯ ಮಳೆಯಲ್ಲಿ ಮುಚ್ಚಳದ ಅಂಚು ತುಕ್ಕು ಹಿಡಿಯುತ್ತದೆ. ಮುಚ್ಚಿದ ಬಾಟಲಿಯ ಕತ್ತು ತೊಳೆದು ಒರೆಸಿ ಇಡದಿದ್ದರೆ ಹದಿನೈದು ದಿನಕ್ಕೆ ಕಂದು ಉಂಗುರ. ಸಕ್ಕರೆ ಅಂಟಿದ್ದರೆ ಇರುವೆ ಅದಕ್ಕೂ ಮೊದಲೇ ಬರುತ್ತದೆ.

ಬಿಯರ್‌ಗಿಲ್ಲದ ಅಪಾಯ

ಇಲ್ಲಿಯವರೆಗೆ ಬಿಯರ್‌ನವರ ಹಿಂದೆ ನಡೆದೆವು. ಇಲ್ಲಿಂದ ಮುಂದೆ ಅವರ ದಾರಿ ನಮಗಾಗದು. ಕೆಗ್‌ಗೆ ಬರುವ ಹೊತ್ತಿಗೆ ಬಿಯರ್‌ನಲ್ಲಿ ಹುದುಗುವ ಸಕ್ಕರೆಯೆಲ್ಲ ಹುದುಗಿ ಮುಗಿದಿರುತ್ತದೆ. ಬಾಟಲಿಯಲ್ಲಿ ಹೊಸದಾಗಿ ಗ್ಯಾಸು ಹುಟ್ಟಲು ಏನೂ ಉಳಿದಿಲ್ಲ. ನಮ್ಮದು ಸಿಹಿ ಪಾನೀಯ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಒಂದು ವಾಲ್ಯೂಮ್ ಗ್ಯಾಸು ಹುಟ್ಟುತ್ತದೆ. ನಾವು ಹಾಕುವುದು ಲೀಟರಿಗೆ 100 ಗ್ರಾಂ. ಒಂದು ಯೀಸ್ಟು ಒಳಹೊಕ್ಕು ಎಲ್ಲವನ್ನೂ ತಿಂದರೆ 25 ವಾಲ್ಯೂಮ್. ಗಾಜಿನ ಬಾಟಲಿ ಅದಕ್ಕಿಂತ ಬಹಳ ಮೊದಲೇ ಸಿಡಿಯುತ್ತದೆ. ಮುರುಗಲು ಹುಳಿ, ಅದರಲ್ಲಿ ಏನೂ ಬೆಳೆಯುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಹುಳಿ ಕೆಲವು ಅಪಾಯಕಾರಿ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ನಿಜ. ಯೀಸ್ಟಿಗೆ, ಬೂಸ್ಟಿಗೆ ಹುಳಿ ಲೆಕ್ಕಕ್ಕೇ ಇಲ್ಲ. ಹಣ್ಣಿನ ಸಿಪ್ಪೆಯ ಮೇಲೆ ಕಾಡುಯೀಸ್ಟು ಹುಟ್ಟಿನಿಂದಲೇ ಇರುತ್ತದೆ.

ತಡೆಯುವ ದಾರಿ: ಪಾನೀಯವನ್ನು ಗ್ಯಾಸು ಸೇರಿಸುವ ಮೊದಲೇ 85 ಡಿಗ್ರಿಗೆ ಕಾಯಿಸಿ, ಮುಚ್ಚಿದ ಪಾತ್ರೆಯಲ್ಲಿ ಬೇಗ ತಣಿಸಿ, ಸೋಂಕು ತೆಗೆದ ಕೆಗ್‌ಗೆ ಹಾಕಿ. ತುಂಬಿದ ಬಾಟಲಿಯನ್ನು ಬಿಸಿನೀರಿನಲ್ಲಿ ಕೂರಿಸಿ ಪಾಶ್ಚರೀಕರಿಸುವುದು ಬಿಯರ್ ಕಾರ್ಖಾನೆಯ ಪದ್ಧತಿ, 60 ಡಿಗ್ರಿಯಲ್ಲಿ. ಮನೆಯಲ್ಲಿ, ಅದೂ ಹಳೆಯ ಬಾಟಲಿಯಲ್ಲಿ, ಇದನ್ನು ಮಾಡಲೇಬೇಡಿ. ಆ ಬಿಸಿಯಲ್ಲಿ 3 ವಾಲ್ಯೂಮಿನ ಒತ್ತಡ ಎಷ್ಟಕ್ಕೇರುತ್ತದೆಂದರೆ, ಗೀರು ಬಿದ್ದ ಒಂದು ಬಾಟಲಿ ಸಾಕು ಕಣ್ಣು ಕಳೆಯಲು. ಸೋಡಿಯಂ ಬೆಂಜೊಯೇಟ್ ಬಳಸುವುದಿದ್ದರೆ ಆಹಾರ ಸುರಕ್ಷತಾ ನಿಯಮದ ಮಿತಿಯೊಳಗೆ. ಅದು ಹುಳಿಯಲ್ಲೇ ಚೆನ್ನಾಗಿ ಕೆಲಸ ಮಾಡುವಂಥದ್ದು, ಹಾಗಾಗಿ ಮುರುಗಲಿಗೆ ಹೊಂದುತ್ತದೆ. ಆದರೆ ಅದರ ಜೊತೆ ನಿಂಬೆರಸ ಬೇಡ. ವಿಟಮಿನ್ ಸಿ ಜೊತೆ ಸೇರಿ ಬೆಂಜೀನ್ ಆಗುವ ಸಾಧ್ಯತೆ ಇದೆ. ಏನೇ ಮಾಡಿದರೂ ಮನೆಮಟ್ಟದಲ್ಲಿ ತುಂಬಿದ್ದನ್ನು ಫ್ರಿಜ್ಜಿನಲ್ಲೇ ಇಟ್ಟು ಮೂರು ವಾರದೊಳಗೆ ಖಾಲಿಮಾಡಿ. ಪ್ರತಿ ಸಲವೂ ಒಂದು ಬಾಟಲಿಯನ್ನು ಪಿಇಟಿ ಪ್ಲಾಸ್ಟಿಕ್ಕಿನದ್ದು ತುಂಬಿ ಹೊರಗಿಡಿ. ಅದನ್ನು ದಿನಾ ಹಿಸುಕಿ ನೋಡಿ. ಕಲ್ಲಿನಂತೆ ಬಿಗಿಯುತ್ತಾ ಹೋದರೆ ಆ ಸಲ ತುಂಬಿದ ಗಾಜಿನ ಬಾಟಲಿಗಳನ್ನೆಲ್ಲ, ಕಣ್ಣಿಗೆ ಕನ್ನಡಕ ಹಾಕಿ, ದಪ್ಪ ಗೋಣಿ ಮುಚ್ಚಿ, ತಣ್ಣಗಿರುವಾಗಲೇ ತೆರೆದುಬಿಡಿ.

ಸಭೆಯಿಂದ ಬಂದ ಕೆಲವು ಪ್ರಶ್ನೆಗಳು

ಶುಂಠಿಯನ್ನು ಯೀಸ್ಟು ಹಾಕಿ ಬಾಟಲಿಯಲ್ಲೇ ಹುದುಗಿಸಿದರೆ ಕೆಗ್, ಸಿಲಿಂಡರ್ ಯಾವ ಖರ್ಚೂ ಇಲ್ಲವಲ್ಲ ಎಂದು ಸೊರಬದಿಂದ ಬಂದವರೊಬ್ಬರು ಕೇಳಿದರು. ಲೆಕ್ಕ ನೋಡಿ. 3 ವಾಲ್ಯೂಮಿಗೆ ಲೀಟರಿಗೆ 12 ಗ್ರಾಂ ಸಕ್ಕರೆ ಹುದುಗಬೇಕು. ಅದರಿಂದ ಹುಟ್ಟುವ ಮದ್ಯಸಾರ ಶೇಕಡಾ 0.8ರ ಹತ್ತಿರ. ಆಹಾರ ಸುರಕ್ಷತಾ ನಿಯಮದಲ್ಲಿ 0.5 ದಾಟಿದರೆ ಅದು ಮದ್ಯ. ಮಕ್ಕಳು ಕುಡಿಯುವ ಶುಂಠಿ ಸೋಡಾ ಎಂದು ಕೊಡುವ ಹಾಗಿಲ್ಲ. ಹುದುಗುವುದನ್ನು ಸರಿಯಾಗಿ 12 ಗ್ರಾಮಿಗೆ ನಿಲ್ಲಿಸುವುದೂ ನಮ್ಮ ಕೈಯಲ್ಲಿಲ್ಲ. ಸಿಲಿಂಡರೇ ವಾಸಿ.

ಹಳೆ ಬಿಯರ್ ಬಾಟಲಿ ಆಗುತ್ತದೆಯೇ? ಮನೆಯ ಬಳಕೆಗೆ ಆಗುತ್ತದೆ, ತಿರುಗಿಸಿ ತೆಗೆಯುವ ಬಾಯಿಯದ್ದು ಬಿಟ್ಟು. ಕಂದು ಗಾಜು ಬಣ್ಣ ಕಾಯುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿದರೆ ಲೇಬಲು ಬಿಡುತ್ತದೆ. ಬಾಯಿಯ ಅಂಚಿಗೆ ಉಗುರು ಸವರಿ ನೋಡಿ, ಸಣ್ಣ ಚಕ್ಕೆ ಎದ್ದಿದ್ದರೂ ಗುಜರಿಗೆ. ಮಾರುವುದಿದ್ದರೆ ಹೊಸ ಬಾಟಲಿ ಮಾತ್ರ, ಆಹಾರ ಸುರಕ್ಷತಾ ನೋಂದಣಿಯೂ ಬೇಕು.

ಮೊದಲ ಎರಡು ಬಾಟಲಿ ಯಾವಾಗಲೂ ನೊರೆಯಾಗುತ್ತದೆ, ಆಮೇಲೆ ಸರಿಹೋಗುತ್ತದೆ, ಯಾಕೆ? ಪೈಪು, ತುಂಬುಗ ಬಿಸಿಯಾಗಿರುವುದರಿಂದ. ಪೈಪನ್ನು ಸುರುಳಿ ಸುತ್ತಿ ಕೆಗ್ ಜೊತೆ ಮಂಜಿನ ನೀರಲ್ಲೇ ಇಡಿ. ಮೊದಲು ಒಂದು ಲೋಟ ಹರಿಸಿ ಕುಡಿದುಬಿಡಿ, ಅದಕ್ಕೇನೂ ನಷ್ಟವಿಲ್ಲ. ಪೈಪು ಒಳವ್ಯಾಸ 5 ಮಿಲಿಮೀಟರಿನದ್ದು, ಉದ್ದ 3 ಮೀಟರ್ ಇರಲಿ. ಗಿಡ್ಡ ದಪ್ಪ ಪೈಪಿನಲ್ಲಿ ಒತ್ತಡವೆಲ್ಲ ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ, ಉದ್ದದ ಸಣ್ಣ ಪೈಪಿನಲ್ಲಿ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ.

ಆಗುಂಬೆ ಘಾಟಿ ಇಳಿಸಿ ಉಡುಪಿಗೆ ಒಯ್ಯಬಹುದೇ? ಎತ್ತರದ ವ್ಯತ್ಯಾಸದಿಂದ ತೊಂದರೆಯಿಲ್ಲ, ಅಲ್ಲಿ ಹೊರಗಿನ ಗಾಳಿಯೇ ಬಾಟಲಿಯನ್ನು ಸ್ವಲ್ಪ ಹೆಚ್ಚು ಅದುಮುತ್ತದೆ. ತೊಂದರೆ ಸೆಕೆಯದ್ದು. 4 ಡಿಗ್ರಿಯಲ್ಲಿ 17 ಇದ್ದದ್ದು ಕರಾವಳಿಯ 32ರಲ್ಲಿ 50 ಪಿಎಸ್‌ಐ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ 45 ಡಿಗ್ರಿ ಆದರೆ 65 ದಾಟುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜು ಹಾಕಿ, ಬಾಟಲಿ ನಿಲ್ಲಿಸಿ, ನಡುವೆ ಒಣಹುಲ್ಲೋ ಹಳೆಯ ಪೇಪರೋ ತುರುಕಿ. ತಲುಪಿದ ಮೇಲೆ ತೆರೆಯುವ ಮೊದಲು ನಾಲ್ಕು ಗಂಟೆ ಫ್ರಿಜ್ಜಿನಲ್ಲಿ ನಿಲ್ಲಲಿ. ಘಾಟಿಯ ತಿರುವುಗಳಲ್ಲಿ ಕುಲುಕಿದ ಬಾಟಲಿಯನ್ನು ಇಳಿಸಿದ ಕೂಡಲೇ ತೆರೆದರೆ ಪಾನೀಯ ಲೋಟಕ್ಕಲ್ಲ, ಗೋಡೆಗೆ.